ಮಾಮಿ ಅಳಿಸಿದ ಗೆರೆ

ಸುಟ್ಟ ಎಂಜಿನ್ ಆಯಿಲ್ ಮರಳಿಗೆ ಬಿದ್ದಾಗ ಒಂದು ವಾಸನೆ ಏಳುತ್ತದೆ. ಅದನ್ನು ಹಿತವಾದ ವಾಸನೆ ಎಂದು ಯಾರೂ ಹೇಳಲಾರರು. ಹೋದ ವಾರ ಮಾಚೇನಹಳ್ಳಿಯ ಒಂದು ಲೇತ್ ವರ್ಕ್‌ಶಾಪಿನ ಬಾಗಿಲಲ್ಲಿ ನಾನು ಆ ವಾಸನೆಗೆ ನಿಂತಲ್ಲೇ ನಿಂತುಬಿಟ್ಟೆ. ಶಿವಮೊಗ್ಗದ ನಮ್ಮ ಮನೆಯ ಗೇಟಿನ ಚಕ್ರ ಸವೆದು ಬೀದಿಗೆಲ್ಲ ಕೇಳುವಂತೆ ಕಿರುಗುಡುತ್ತಿತ್ತು, ಹೊಸದು ಮಾಡಿಸಲು ಹೋಗಿದ್ದೆ. ಒಳಗೆ ಆಯಿಲ್ ಡಬ್ಬಿ ಉರುಳಿ ನೆಲ ಕಪ್ಪಾಗಿತ್ತು. ಲೇತಿನ ಭಾಯ್ ಅದರ ಮೇಲೆ ಮರಳು ಚೆಲ್ಲಿ ಕಾಲಿನಿಂದ ತಟ್ಟುತ್ತಿದ್ದರು. "ಅಲ್ಲೇ ನಿಂತ್ಕೊಳ್ಳಿ ಮೇಡಂ, ಕಾಲು ಜಾರ್ತದೆ" ಎಂದರು. ನನ್ನ ಮನಸ್ಸು ಆಗಲೇ ಅಲ್ಲಿಂದ ಜಾರಿಹೋಗಿತ್ತು. ಭದ್ರಾವತಿಯ ಜನ್ನಾಪುರದ ನಮ್ಮ ಎದುರು ಮನೆಯ ಮಾಮಿಯ ಜೊತೆ, ನೆತ್ತಿ ಸುಡುವ ಬಿಸಿಲಿನಲ್ಲಿ, ನಾನು ಗಾಲ್ಫ್ ಮೈದಾನದಲ್ಲಿ ನಿಂತಿದ್ದೆ...

ಜನ್ನಾಪುರ, ಮಾಮಿ, ಗಾಲ್ಫ್ ಎಂದರೆ ಈಗಲೂ ಜನ ನಗುತ್ತಾರೆ. ನಗಲಿ. ನಮ್ಮ ಕಡೆ ಗಾಲ್ಫ್ ಇತ್ತು. ಭದ್ರಾವತಿ ರಸ್ತೆಯಿಂದ ಒಳಗೆ, ಒಂದು ಬೋಳು ಮೈದಾನದಲ್ಲಿ ಕೆಲವು ಫೌಂಡ್ರಿ ಮಾಲೀಕರು, ನಿವೃತ್ತ ಎಂಜಿನಿಯರುಗಳು ಸೇರಿ ಒಂದು ಪುಟ್ಟ ಕ್ಲಬ್ಬು ಮಾಡಿಕೊಂಡಿದ್ದರು. ಶೀಟಿನ ಛಾವಣಿಯ ಒಂದು ವರಾಂಡ, ನಾಲ್ಕು ಬೆತ್ತದ ಕುರ್ಚಿ, ಗೋಡೆಗೊಂದು ಮರದ ಬೋರ್ಡು. ಇಷ್ಟೇ ವೈಭವ. ಟೀವಿಯಲ್ಲಿ ತೋರಿಸುವ ಹಸಿರು ಜಮಖಾನೆಯಂಥ ಹುಲ್ಲು ಅಲ್ಲಿ ಇರಲಿಲ್ಲ. ಬೇಸಗೆಯಲ್ಲಿ ಕುಡಿಯುವ ನೀರಿಗೇ ಪರದಾಡುವಾಗ ಹುಲ್ಲಿಗೆ ಯಾರು ನೀರು ಬಿಡುತ್ತಾರೆ? ಅದಕ್ಕೇ ಚೆಂಡು ಬೀಳಿಸಬೇಕಾದ ಗುಂಡಿಯ ಸುತ್ತ, ಒಂದು ದೊಡ್ಡ ಕಣದಷ್ಟು ಜಾಗಕ್ಕೆ ಮರಳು ಹಾಸಿ, ಲಾರಿಗಳಿಂದ ಇಳಿಸಿದ ಸುಟ್ಟ ಆಯಿಲ್ ಬೆರೆಸಿ ತಟ್ಟುತ್ತಿದ್ದರು. ಧೂಳು ಏಳುತ್ತಿರಲಿಲ್ಲ, ಚೆಂಡು ಸರಾಗವಾಗಿ ಉರುಳುತ್ತಿತ್ತು. ಬೇರೆ ಕಡೆ ಇದಕ್ಕೆ ಗ್ರೀನ್ ಅನ್ನುತ್ತಾರೆ, ನಮ್ಮಲ್ಲಿ ಬ್ರೌನ್ ಅನ್ನುತ್ತಿದ್ದರು.

ಆ ಬ್ರೌನಿಗೆ ಒಂದು ಗುಣ ಇತ್ತು, ನನ್ನ ಕತೆಯೆಲ್ಲ ನಿಂತಿರುವುದೇ ಅದರ ಮೇಲೆ. ಅದರ ಮೇಲೆ ಏನು ಹೋದರೂ ಗುರುತು ಉಳಿಯುತ್ತಿತ್ತು. ಚೆಂಡು ಬಿದ್ದ ಕಡೆ ಒಂದು ಪುಟ್ಟ ತಗ್ಗು, ಅಲ್ಲಿಂದ ಉರುಳಿದ ದಾರಿಗೆ ಒಂದು ಗೆರೆ, ನಡೆದವರ ಬೂಟಿನ ಅಚ್ಚು, ಎಲ್ಲವೂ. ಹಿಂದೆ ಬರುವವರ ಚೆಂಡು ಆ ಗುರುತುಗಳಿಗೆ ಸಿಕ್ಕಿ ದಾರಿ ತಪ್ಪಬಾರದಲ್ಲ, ಹಾಗಾಗಿ ಆಟ ಮುಗಿಸಿದವರು ಪಕ್ಕದಲ್ಲೇ ಬಿದ್ದಿರುತ್ತಿದ್ದ ಹಿಡಿ ಹಾಕಿದ ಕಬ್ಬಿಣದ ಪೈಪನ್ನು ಸುತ್ತಲೂ ಎಳೆದು ಮರಳನ್ನು ನುಣ್ಣಗೆ ಮಾಡಿ ಹೋಗಬೇಕು. ಊಟವಾದ ಮೇಲೆ ಎಲೆ ಎತ್ತಿದ ಹಾಗೆ, ಅದು ಅಲ್ಲಿನ ಮರ್ಯಾದೆ. ಮಾಡದವರನ್ನು ಮುಖದ ಮೇಲೆಯೇ ಬೈಯುತ್ತಿದ್ದರು.

ಮಾಮಿಯ ಮನೆಯವರು ತಮಿಳಿನವರು, ಎರಡು ತಲೆಮಾರಿನಿಂದ ಭದ್ರಾವತಿಯಲ್ಲಿ ಬೇರು ಬಿಟ್ಟವರು. ಬೀದಿಗೆಲ್ಲ ಆಕೆ ಮಾಮಿ, ಆಕೆಯ ಗಂಡ ಮಾಮ. ಮಾಮ ಒಂದು ಖಾಸಗಿ ಫೌಂಡ್ರಿಯಲ್ಲಿ ಮ್ಯಾನೇಜರ್ ಆಗಿದ್ದರು, ಕ್ಲಬ್ಬಿನ ಮೆಂಬರ್ರು. ಭಾನುವಾರ ಅವರು ಆಡಲು ಹೊರಟರೆ ಮಾಮಿಯೂ ಕಾಫಿ ಫ್ಲಾಸ್ಕು ಹಿಡಿದು ಹೋಗುತ್ತಿದ್ದರು. ನೋಡುತ್ತ ನೋಡುತ್ತ ಕೈ ತುರಿಸಲು ಶುರುವಾಯಿತಂತೆ. ಮಾಮ ಹಿತ್ತಲಲ್ಲಿ ಹಿತ್ತಾಳೆ ಚೊಂಬನ್ನು ಅಡ್ಡ ಮಲಗಿಸಿ, ಅದರ ಬಾಯಿಗೆ ಚೆಂಡು ಉರುಳಿಸಲು ಕಲಿಸಿಕೊಟ್ಟರು. ಸಂಜೆ ಹೊತ್ತು ಎದುರು ಮನೆಯಿಂದ ಠಣ್ ಎಂದು ಸದ್ದು ಬಂದರೆ ನಮ್ಮಮ್ಮ, "ಶುರುವಾಯ್ತು ನೋಡು ಗಂಡ ಹೆಂಡ್ತಿ ಆಟ" ಎಂದು ಬಾಯಿಗೆ ಸೆರಗು ಇಟ್ಟುಕೊಳ್ಳುತ್ತಿದ್ದರು.

ಮಾಮ ಒಂದು ಮಳೆಗಾಲದಲ್ಲಿ ಎದೆನೋವೆಂದು ಕೂತವರು ಏಳಲಿಲ್ಲ. ಮಗಳು ಕೊಯಮತ್ತೂರಿನಲ್ಲಿದ್ದಳು, ಬಾ ಎಂದು ಕರೆದಳು. ಮಾಮಿ ಹೋಗಲಿಲ್ಲ. ಕೆಲವು ತಿಂಗಳು ಕಳೆದ ಮೇಲೆ ಒಂದು ದಿನ ಮಾಮನ ಕ್ಯಾನ್‌ವಾಸ್ ಶೂಗಳ ತುದಿಗೆ ಬಟ್ಟೆ ತುರುಕಿ ಕಾಲಿಗೆ ಹಾಕಿಕೊಂಡು, ಸೀರೆಯನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಕೋಲುಗಳ ಚೀಲವನ್ನು ಹೆಗಲಿಗೆ ಏರಿಸಿ ಹೊರಗೆ ಬಂದರು. ಆ ದಿನ ನಮ್ಮ ಬೀದಿಯ ಒಂದು ಕಿಟಕಿಯೂ ಮುಚ್ಚಿರಲಿಲ್ಲ.

ಬೀದಿಯ ಮಾತನ್ನು ಕೇಳಬೇಕೆ? ಗಂಡ ಹೋಗಿ ವರ್ಷ ತುಂಬಿಲ್ಲ, ಈಕೆಗೆ ಆಟ ಬೇಕಾಗಿದೆ ಎಂದರು. ಮಾಮಿಗೆ ಎಲ್ಲವೂ ಕಿವಿಗೆ ಬೀಳುತ್ತಿತ್ತು. ಒಂದು ಸಲ ನಲ್ಲಿಯ ಹತ್ತಿರ ಎಲ್ಲರಿಗೂ ಕೇಳುವಂತೆ ನನಗೊಂದು ಕತೆ ಹೇಳಿದರು. ಹಿಂದೆ ಸ್ಕಾಟ್ಲೆಂಡಿನಲ್ಲಿ ಒಬ್ಬ ರಾಣಿ ಇದ್ದಳಂತೆ. ಅವಳ ಗಂಡನ ಕೊಲೆಯಾಗಿ ಕೆಲವೇ ದಿನಕ್ಕೆ ಗಾಲ್ಫ್ ಆಡಿದಳು ಎಂದು ಅವಳ ಮೇಲೆ ದೊಡ್ಡ ಆರೋಪ ಬಂತಂತೆ. ಕೊನೆಗೆ ಬೇರೆ ಯಾವುದೋ ತಕರಾರಿನಲ್ಲಿ ಅವಳ ತಲೆಯೇ ಹೋಯಿತು. "ನನ್ ತಲೆ ಇನ್ನೂ ಇದೆ, ನೋಡ್ಕೊಳ್ಳಿ" ಎಂದು ಮಾಮಿ ಕೊಡ ಎತ್ತಿಕೊಂಡು ನಡೆದರು.

ಆಗ ನಾನು ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದೆ. ಕೆಲಸ ಸಿಕ್ಕಿರಲಿಲ್ಲ, ಗಂಡು ನೋಡುವವರ ಕಾಟ ಬೇರೆ. ಮಾಮಿ ನಮ್ಮ ಮನೆಗೆ ಬಂದು ಅಮ್ಮನನ್ನು ಕೇಳಲಿಲ್ಲ, ಹೇಳಿದರು. "ಇವ್ಳನ್ನ ಕರ್ಕೊಂಡು ಹೋಗ್ತೀನಿ. ಮನೇಲಿ ಕೂತು ಕೂತು ಮುಖ ಹಳಸಿ ಹೋಗಿದೆ." ಹೀಗೆ ನಾನು ಅವರ ಜೊತೆಗಾತಿಯಾದೆ. ಬಸ್ಸಿನಲ್ಲಿ ಇಬ್ಬರೂ ಹೋಗುತ್ತಿದ್ದೆವು. ಕಂಡಕ್ಟರ್ ಆ ಚೀಲ ನೋಡಿ ದಿನವೂ ಏನಾದರೂ ಒಂದು ಕೇಳುತ್ತಿದ್ದ, ಮಾಮಿ ದಿನವೂ ಒಂದೊಂದು ಸುಳ್ಳು ಹೇಳುತ್ತಿದ್ದರು. ಒಂದು ದಿನ ಅದು ಹಾವು ಹಿಡಿಯುವ ಸಾಮಾನು, ಇನ್ನೊಂದು ದಿನ ಗಂಡನನ್ನು ಹೊಡೆಯುವ ಕೋಲು...

ಮೈದಾನದಲ್ಲಿ ಬಿಸಿಲು ಮರೆಯಲೆಂದೋ ಏನೋ, ಮಾಮಿ ನಡೆದಷ್ಟು ದೂರವೂ ಕತೆ ಹೇಳುತ್ತಿದ್ದರು. ಮಾಮ ತರುತ್ತಿದ್ದ ಹಳೆಯ ಇಂಗ್ಲಿಷ್ ಪತ್ರಿಕೆಗಳನ್ನೆಲ್ಲ ಓದಿ ಅರೆದು ಕುಡಿದಿದ್ದರು. ಒಬ್ಬ ರಾಜ ತನ್ನ ಸೈನಿಕರು ಬಿಲ್ವಿದ್ಯೆ ಬಿಟ್ಟು ಗಾಲ್ಫಿಗೆ ಬಿದ್ದರೆಂದು ಆಟವನ್ನೇ ನಿಷೇಧಿಸಿದನಂತೆ, ಅವನ ಮೊಮ್ಮಗ ರಾಜನಾದ ಮೇಲೆ ತಾನೇ ಕೋಲು ಕೊಂಡು ಆಡಿದನಂತೆ. ಬ್ರಿಟಿಷರ ಕಾಲದ ಕಲ್ಕತ್ತೆಯಲ್ಲಿ ಮಂಗಗಳು ಚೆಂಡು ಹೊತ್ತುಕೊಂಡು ಓಡಿ ಆಟವೇ ನಿಂತುಹೋಗುತ್ತಿತ್ತಂತೆ. ಬೇಲಿ ಹಾಕಿ ಸೋತು, ಕೊನೆಗೆ ಮಂಗ ಎಲ್ಲಿ ಚೆಂಡು ಬೀಳಿಸುತ್ತದೋ ಅಲ್ಲಿಂದಲೇ ಆಡತಕ್ಕದ್ದು ಎಂದು ನಿಯಮ ಮಾಡಿದರಂತೆ. ನಮ್ಮ ಮೈದಾನದಲ್ಲಿ ಮಂಗಗಳ ಬದಲು ಎಮ್ಮೆಗಳಿದ್ದವು. ಚೆಂಡು ಮಲಗಿದ ಎಮ್ಮೆಯ ಹೊಟ್ಟೆಯಡಿಗೆ ಹೋದರೆ ಎಮ್ಮೆ ಏಳುವ ತನಕ ಕಾಯಬೇಕು, ಪುರಸೊತ್ತಿಲ್ಲದವರು ಬಾಲದ ಕಡೆ ಚೆಂಡು ಇಟ್ಟು ಆಡಬಹುದು ಎಂದು ಕಮಿಟಿ ತೀರ್ಮಾನಿಸಿತ್ತು. ತಲೆಯ ಕಡೆಯೋ ಬಾಲದ ಕಡೆಯೋ ಎಂದು ದೊಡ್ಡ ದೊಡ್ಡ ಎಂಜಿನಿಯರುಗಳು ಒಂದಿಡೀ ಸಂಜೆ ಜಗಳವಾಡಿದ್ದರಂತೆ.

ಮಾಮಿಗೆ ಬಹಳ ಇಷ್ಟವಾದದ್ದು ಚಂದ್ರನ ಕತೆ. ಅಮೆರಿಕದವನೊಬ್ಬ ಚಂದ್ರನ ಮೇಲೆ ಇಳಿದು, ಕಲ್ಲುಮಣ್ಣು ಎತ್ತುವ ಹಿಡಿಗೆ ಗಾಲ್ಫ್ ಕೋಲಿನ ತಲೆ ಸಿಕ್ಕಿಸಿ, ದಪ್ಪ ಅಂಗಿಯಲ್ಲಿ ಬಾಗಲಾರದೆ ಒಂದೇ ಕೈಯಲ್ಲಿ ಚೆಂಡು ಹೊಡೆದಿದ್ದ. ಮೊದಲು ಬೀಸಿದ್ದು ಮಣ್ಣಿಗೇ ಹೋಯಿತು. "ಚಂದ್ರನ್ ಮೇಲೆ ಹೋದ್ರೂ ಗಂಡಸ್ರು ಮಣ್ಣಿಗೇ ಹೊಡೀತಾರೆ" ಎಂದು ಮಾಮಿ ನಕ್ಕದ್ದು ಇನ್ನೂ ಕಿವಿಯಲ್ಲಿದೆ.

ಕ್ಲಬ್ಬು ಮಾಮಿಯನ್ನು ಹೊರಗೆ ಹಾಕಿರಲಿಲ್ಲ. ಅದಕ್ಕಿಂತ ನಯವಾದ ಉಪಾಯ ಹುಡುಕಿತ್ತು. ಅಲ್ಲಿಯ ಸೆಕ್ರೆಟರಿ ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿನ ಮನುಷ್ಯ, ದನಿ ಎತ್ತಿದ್ದನ್ನು ನಾನು ಕೇಳಿಲ್ಲ. ಮೆಂಬರ್ರು ಮಾಮ, ಮಾಮಿ ಬರೀ ಅವರ ಹೆಂಡತಿ, ಆದರೂ ಮನುಷ್ಯತ್ವದ ಮೇಲೆ ವಾರದ ದಿನಗಳಲ್ಲಿ ಮಧ್ಯಾಹ್ನ, ಬೇರೆ ಯಾರೂ ಆಡದ ಹೊತ್ತಿನಲ್ಲಿ ಬಂದು ಹೋಗಬಹುದು ಎಂದಿದ್ದರು. ನಾವು ಆ ಕಾದ ಹೆಂಚಿನಂಥ ಹೊತ್ತಿನಲ್ಲೇ ಹೋಗುತ್ತಿದ್ದುದು ಅದಕ್ಕೆ. ಎಮ್ಮೆಗಳು ಕೂಡ ನೆರಳು ಹುಡುಕಿಕೊಂಡು ಹೋಗಿರುತ್ತಿದ್ದವು.

ಅಂಥ ಒಂದು ಮಧ್ಯಾಹ್ನ ಅದು ನಡೆಯಿತು. ಮೈದಾನದ ಕೊನೆಯಲ್ಲಿ ಸ್ವಲ್ಪ ಇಳಿಜಾರಿನಲ್ಲಿ ಒಂದು ಗುಂಡಿ ಇತ್ತು, ಒಳ್ಳೆಯ ಆಟಗಾರರು ಮೂರು ಹೊಡೆತದಲ್ಲಿ ಚೆಂಡು ಹಾಕಬೇಕಾದದ್ದು. ಮಾಮಿ ಸೆರಗನ್ನು ಇನ್ನೊಂದು ಸುತ್ತು ಬಿಗಿದರು. ಒಮ್ಮೆ ಗುಂಡಿಯ ಬಾವುಟದ ಕಡೆ ನೋಡಿದರು. ಬೀಸಿದರು. ಚೆಂಡು ಏರಿದ್ದು, ಬಿಳಿ ಆಕಾಶದಲ್ಲಿ ಕಾಣೆಯಾದದ್ದು, ಆಮೇಲೆ ಬ್ರೌನಿನ ಅಂಚಿಗೆ ಬಿದ್ದದ್ದು, ಎಡಕ್ಕೆ ಬಾಗಿ ಉರುಳಿದ್ದು, ಬಾವುಟದ ಬುಡದಲ್ಲಿ ಇಲ್ಲವಾದದ್ದು... ಎಲ್ಲವನ್ನೂ ನಾನು ನೋಡಿದೆ. ಈ ಎರಡು ಕಣ್ಣಿನಿಂದ ನೋಡಿದೆ. ಇವತ್ತು ಯಾರು ಕೇಳಿದರೂ ಹೇಳುತ್ತೇನೆ.

ಇಬ್ಬರೂ ಓಡಿದೆವು. ಮರಳಿನ ಮೇಲೆ ಒಂದು ತಗ್ಗು, ಅಲ್ಲಿಂದ ಹೊರಟ ಒಂದೇ ಒಂದು ಗೆರೆ, ಕುಡುಗೋಲಿನ ಹಾಗೆ ಬಾಗಿ ನೇರ ಗುಂಡಿಯೊಳಕ್ಕೆ. ಸುತ್ತ ಒಂದು ಹೆಜ್ಜೆಯ ಗುರುತೂ ಇರಲಿಲ್ಲ. ಒಂದೇ ಹೊಡೆತಕ್ಕೆ ಗುಂಡಿ, ಹೋಲ್ ಇನ್ ಒನ್. ವರ್ಷಗಟ್ಟಲೆ ಆಡಿದವರಿಗೂ ಜನ್ಮದಲ್ಲಿ ಒಮ್ಮೆ ಒದಗದ ಹೊಡೆತ ಅದು. ಮಾಮನಿಗೆ ಒದಗಿರಲಿಲ್ಲ. ಅದಾದವರ ಹೆಸರನ್ನು ವರಾಂಡದ ಬೋರ್ಡಿನ ಮೇಲೆ ಬರೆಸುತ್ತಿದ್ದರು, ಆ ಬೋರ್ಡಿನಲ್ಲಿ ಇದ್ದ ಹೆಸರುಗಳೇ ಬೆರಳೆಣಿಕೆ. ಮಾಮಿ ಗುಂಡಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಆಕಾಶದ ಕಡೆ ಮುಖ ಮಾಡಿ, "ನೋಡಿದ್ರಾ?" ಎಂದು ಕೇಳಿದರು. ನನ್ನನ್ನು ಕೇಳಿದ್ದಲ್ಲ ಅದು. ಆಮೇಲೆ ನಕ್ಕರು, ಕಣ್ಣು ಒರೆಸಿಕೊಂಡರು, ಚೆಂಡು ಎತ್ತಿ ಸೆರಗಿನ ತುದಿಗೆ ಗಂಟು ಹಾಕಿದರು.

ಮುಂದೆ ಮಾಡಿದ್ದನ್ನು ಆ ಮೈದಾನದಲ್ಲಿ ಪಳಗಿದವರು ಮಾತ್ರ ಮಾಡಬಲ್ಲರು. ಪಕ್ಕದಲ್ಲಿದ್ದ ಪೈಪು ಎತ್ತಿ, ಸಂಭ್ರಮದಲ್ಲಿ ಏನೋ ಗುನುಗುತ್ತ, ಬ್ರೌನಿನ ಸುತ್ತ ಎಳೆದರು. ಒಂದು ಸುತ್ತು, ಇನ್ನೊಂದು ಸುತ್ತು, ನಡುವಿನಿಂದ ಅಂಚಿನ ತನಕ. ನಾನು ಅಂಚಿನಲ್ಲಿ ಬೆಪ್ಪಳ ಹಾಗೆ ನಗುತ್ತ ನಿಂತಿದ್ದೆ. ಹಿಂದೆ ಬರುವವರಿಗೆ ತೊಂದರೆಯಾಗಬಾರದು ಎಂದು ಮಾಮಿ ಮರಳನ್ನು ಹೋಳಿಗೆಯಷ್ಟು ನುಣ್ಣಗೆ ಮಾಡಿಟ್ಟರು. ಆ ಹೊತ್ತಿನಲ್ಲಿ ಹಿಂದೆ ಬರುವವರು ಯಾರೂ ಇರಲಿಲ್ಲ.

ಸಂಜೆ ಸೆಕ್ರೆಟರಿ ಬರುವ ತನಕ ವರಾಂಡದಲ್ಲಿ ಕಾದೆವು. ಅವರು ಪೂರ್ತಿ ಕೇಳಿಸಿಕೊಂಡರು. ಯಾರು ನೋಡಿದರು ಎಂದು ಕೇಳಿದರು. ನಾನು ನೋಡಿದೆ ಎಂದೆ. ನನ್ನ ಕಡೆ ತಿರುಗಲೂ ಇಲ್ಲ. ಮೆಂಬರ್ರೊಬ್ಬರು ನೋಡಿರಬೇಕು, ಇಲ್ಲವಾದರೆ ಮರಳಿನ ಮೇಲೆ ಗುರುತಾದರೂ ಇರಬೇಕು, ಬನ್ನಿ ನೋಡೋಣ ಎಂದರು. ಮಾಮಿಯ ಮುಖ ಬಿಳುಪೇರಿದ್ದು ಆಗ. ಆದರೂ ನಡೆದರು. ಮೂವರೂ ಹೋಗಿ ಆ ನುಣುಪಾದ ಮರಳಿನ ಮುಂದೆ ನಿಂತೆವು. ಒಂದು ಇರುವೆ ನಡೆದ ಗುರುತೂ ಅಲ್ಲಿರಲಿಲ್ಲ.

"ನಿಮ್ ಮೇಲೆ ಅಪನಂಬಿಕೆ ಅಂತಲ್ಲ ಮೇಡಂ, ರೂಲು" ಎಂದರು ಸೆಕ್ರೆಟರಿ.

ಮಾಮಿ ಅಳುತ್ತಾರೆ ಎಂದುಕೊಂಡಿದ್ದೆ. ಅವರು ಪೈಪನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ನೆಟ್ಟಗೆ ನಿಂತರು. "ಯಾರೂ ಇಲ್ದಿರೋ ಹೊತ್ತಿಗೆ ಬಾ ಅಂದೋರು ನೀವು. ಯಾರೂ ನೋಡಿಲ್ಲ ಅನ್ನೋರೂ ನೀವೇ. ಮರಳು ಅಳ್ಸಿ ಹೋಗ್ಬೇಕು ಅಂತ ಕಲ್ಸಿದೋರು ನೀವು. ಗುರುತೆಲ್ಲಿ ಅಂತ ಕೇಳೋರೂ ನೀವೇ. ಮೂರು ಹೊಡೆದೆ ಅಂದಿದ್ರೆ ನನ್ ಮಾತು ನಂಬ್ತಿದ್ರಿ. ಒಂದು ಅಂದ್ರೆ ನಂಬಲ್ಲ, ಅಲ್ವಾ?" ಸೆಕ್ರೆಟರಿ ಪ್ಯಾಂಟಿನ ಧೂಳು ಕೊಡವಿಕೊಂಡರು.

ಬಸ್ಸಿನಲ್ಲಿ ನನಗೇ ಅಳು ಬಂತು. ಸಿಟ್ಟಿನ ಅಳು. ನೋಡಿದ್ದನ್ನು ನೋಡಿಲ್ಲ ಅನ್ನಿಸಿಕೊಂಡ ಸಿಟ್ಟು. ಮಾಮಿ ಸೆರಗಿನ ಗಂಟು ಬಿಚ್ಚಿ ಚೆಂಡನ್ನು ನನ್ನ ಅಂಗೈಯಲ್ಲಿ ಇಟ್ಟು ಇನ್ನೊಂದು ಕತೆ ಹೇಳಿದರು. ಹಿಂದೆ ಒಬ್ಬ ಬಲು ದೊಡ್ಡ ಆಟಗಾರ, ದೊಡ್ಡ ಪಂದ್ಯದಲ್ಲಿ ತನ್ನ ಕೋಲು ತಾಗಿ ಚೆಂಡು ಕೂದಲೆಳೆಯಷ್ಟು ಅಲುಗಿತು ಎಂದು ತಾನೇ ಹೇಳಿ ದಂಡ ಹಾಕಿಸಿಕೊಂಡ. ಬೇರೆ ಯಾರೂ ಅದನ್ನು ನೋಡಿರಲಿಲ್ಲ. ಆ ಒಂದು ಹೊಡೆತದಿಂದ ಗೆಲ್ಲಬೇಕಾದ ಪಂದ್ಯ ಕೈತಪ್ಪಿತು. ಗಾಲ್ಫ್ ನಿಂತಿರುವುದೇ ಆಡುವವರ ಮಾತಿನ ಮೇಲೆ ಎಂದರು ಮಾಮಿ. ಕಿಟಕಿಯ ಆಚೆ ನೋಡುತ್ತ, "ಚಂದ್ರನ್ ಮೇಲೆ ಹೊಡೀಬೇಕಿತ್ತು ಮಾರಾಯ್ತಿ. ಅಲ್ಲಿ ಗುರುತು ಅಳ್ಸೋಕೆ ಗಾಳೀನೂ ಇಲ್ಲ" ಎಂದರು. ನಗುತ್ತಲೇ ಹೇಳಿದರು, ಆದರೆ ದನಿ ಒಡೆದಿತ್ತು.

ಗಾಲ್ಫಿನಲ್ಲಿ ಇನ್ನೊಂದು ಪದ್ಧತಿ ಇದೆ. ಒಂದೇ ಹೊಡೆತಕ್ಕೆ ಗುಂಡಿ ಹಾಕಿದವರು ಕ್ಲಬ್ಬಿನಲ್ಲಿ ಇರುವವರಿಗೆಲ್ಲ ಔತಣ ಕೊಡಬೇಕು. ಜಪಾನಿನಲ್ಲಿ ಈ ಖರ್ಚಿಗೆ ಹೆದರಿ ಜನ ಮೊದಲೇ ವಿಮೆ ಮಾಡಿಸುತ್ತಾರಂತೆ. ಮಾಮಿಗೆ ವಿಮೆಯೂ ಇರಲಿಲ್ಲ, ಕ್ಲಬ್ಬೂ ಇರಲಿಲ್ಲ. ಮರುದಿನ ಸಂಜೆ ತಮ್ಮ ಮನೆಯ ಮುಂದೆ ಬೀದಿಯಲ್ಲೇ ಒಲೆ ಹೂಡಿದರು. ಮೆಣಸಿನಕಾಯಿ ಬಜ್ಜಿ, ಬುಟ್ಟಿಗಟ್ಟಲೆ ಖಾರ ಮಂಡಕ್ಕಿ. ಬೀದಿಯವರನ್ನೆಲ್ಲ ಕೂಗಿ ಕರೆದರು, ನಲ್ಲಿಯ ಹತ್ತಿರ ಮಾತಾಡಿಕೊಂಡವರನ್ನು ಮೊದಲು ಕರೆದರು. ಒಂದು ಷರತ್ತು ಹಾಕಿದರು. ಯಾಕೆ ಈ ಮಂಡಕ್ಕಿ ಎಂದು ಕೇಳಿ ತಿಳಿದುಕೊಂಡೇ ತಿನ್ನಬೇಕು, ತಿಂದವರು ಒಪ್ಪಿಕೊಂಡ ಹಾಗೆ. ಗಾಲ್ಫ್ ಎಂದರೆ ಏನೆಂದು ತಿಳಿಯದ ಹೆಂಗಸರು ಬಾಯಿ ಖಾರಕ್ಕೆ ಉಸ್ ಎನ್ನುತ್ತ, "ಒಂದೇ ಏಟಿಗಂತೆ!" ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ನಮ್ಮಮ್ಮ ಎರಡನೇ ಸಲ ತಟ್ಟೆ ಚಾಚಿದರು.

ಸೆಕ್ರೆಟರಿಗೂ ಕರೆ ಹೋಗಿತ್ತು. ಬರಲಿಲ್ಲ. ಕ್ಲಬ್ಬಿನ ಕಡೆಯಿಂದ ಬಂದದ್ದು ಒಬ್ಬರೇ ಒಬ್ಬರು, ಮಾಮನ ಜೊತೆ ಆಡುತ್ತಿದ್ದ ವಯಸ್ಸಾದ ಎಂಜಿನಿಯರ್. ಕತ್ತಲಾದ ಮೇಲೆ ಬಂದು, ಒಳಗೆ ಕೂತು, ಬಜ್ಜಿಯನ್ನು ಚೆನ್ನಾಗಿಯೇ ಇಳಿಸಿ, "ನಾನು ಒಪ್ಕೊಂಡೆ ಅಂತ ಅಲ್ಲಿ ಹೇಳ್ಬೇಡಿ" ಎಂದು ಬಾಯಿ ಒರೆಸಿಕೊಂಡರು. "ಅದಕ್ಕೇ ಅಲ್ವಾ ನೀವಿನ್ನೂ ಅಲ್ಲಿ ಮೆಂಬರ್ರು" ಎಂದು ಮಾಮಿ ಅವರಿಗೆ ಇನ್ನೊಂದು ಬಜ್ಜಿ ಹಾಕಿದರು.

ಆ ಔತಣ ಅಲ್ಲಿಗೆ ನಿಲ್ಲಲಿಲ್ಲ. ವರ್ಷ ವರ್ಷವೂ ಆ ದಿನ ಬಂದರೆ ಬೀದಿಯಲ್ಲಿ ಒಲೆ ಉರಿಯುತ್ತಿತ್ತು. ಕ್ಲಬ್ಬಿಗೂ ಮಾಮಿ ಹೋಗುತ್ತಲೇ ಇದ್ದರು, ಅದೇ ಮಧ್ಯಾಹ್ನದ ಹೊತ್ತಿಗೆ, ಅದೇ ಶೂ ಹಾಕಿಕೊಂಡು. ವರಾಂಡದಲ್ಲಿ ಸೆಕ್ರೆಟರಿ ಕಂಡರೆ ನಮಸ್ಕಾರ ಹೇಳಿ, ಆ ಬೋರ್ಡಿನ ಖಾಲಿ ಜಾಗವನ್ನು ಒಂದು ಕ್ಷಣ ನೋಡಿ ಮುಂದೆ ಹೋಗುತ್ತಿದ್ದರು. ಬಾಯಿ ಬಿಟ್ಟು ಮತ್ತೆ ಕೇಳಲಿಲ್ಲ. ಇನ್ನು ಮೇಲಾದರೂ ಮರಳು ಅಳಿಸಬೇಡಿ ಎಂದು ನಾನೇ ಒಮ್ಮೆ ರೇಗಿದೆ. "ಏ ಪೋಡಿ, ಹೋಗೇ. ಅವ್ರು ಕೆಟ್ಟವ್ರು ಅಂತ ನಾನ್ಯಾಕೆ ನನ್ ಕೆಲ್ಸ ಕೆಡಿಸ್ಕೊಳ್ಲಿ?" ಎಂದು ಪೈಪು ಎಳೆಯುತ್ತ ಹೋದರು. ನನಗೆ ಅದು ಆಗಲೂ ಒಪ್ಪಿಗೆಯಾಗಿರಲಿಲ್ಲ. ಈಗಲೂ ಪೂರ್ತಿ ಒಪ್ಪಿಗೆಯಿಲ್ಲ.

ನನಗೆ ಶಿವಮೊಗ್ಗದಲ್ಲಿ ಕೆಲಸ ಸಿಕ್ಕಿತು, ಮದುವೆಯೂ ಆಯಿತು. ಔತಣದ ದಿನ ಮಾತ್ರ ತಪ್ಪದೆ ಜನ್ನಾಪುರಕ್ಕೆ ಹೋಗುತ್ತಿದ್ದೆ. ಆಡುವವರು ಕಡಿಮೆಯಾಗಿ ಕ್ಲಬ್ಬು ಮುಚ್ಚಿತು. ಮೈದಾನದಲ್ಲಿ ಶೆಡ್ಡುಗಳು ಎದ್ದವು. ಆ ಬೋರ್ಡು ಎಲ್ಲಿ ಹೋಯಿತೋ, ಯಾರ ಮನೆಯ ಸೌದೆಯಾಯಿತೋ... ಮಾಮಿಯ ಮಂಡಿ ಸೋತಿತು. ಮಗಳು ಬಂದು ಕೊಯಮತ್ತೂರಿಗೆ ಕರೆದುಕೊಂಡು ಹೋಗುವಾಗ ಆ ಚೆಂಡನ್ನು ನನಗೆ ಕೊಟ್ಟರು. "ನೀನೇ ಇಟ್ಕೊ. ನೋಡಿದವಳು ನೀನೊಬ್ಳೇ" ಎಂದರು. ಎರಡು ವರ್ಷದ ಕೆಳಗೆ ಮಗಳು ಫೋನು ಮಾಡಿ ಮಾಮಿ ಹೋದದ್ದನ್ನು ಹೇಳಿದಳು. ಕೆಲಸವೆಲ್ಲ ಮುಗಿದ ಮೇಲೆ ಮಾಡಿದ ಫೋನು ಅದು. ಮುಖ ನೋಡಲು ಸಿಗಲಿಲ್ಲ. ಆ ಸಂಕಟ ನನ್ನಲ್ಲಿ ಹಾಗೇ ಕೂತಿದೆ, ಅದಕ್ಕೆ ಮದ್ದು ಸಿಕ್ಕಿಲ್ಲ.

ಔತಣವನ್ನು ಈಗ ನಾನು ಕೊಡುತ್ತೇನೆ, ಶಿವಮೊಗ್ಗದ ನಮ್ಮ ಮನೆಯ ಮುಂದೆ. ಅಕ್ಕಪಕ್ಕದವರು ಯಾರ ಹುಟ್ಟುಹಬ್ಬ ಎಂದು ಕೇಳುತ್ತಾರೆ. ಒಬ್ಬ ಹೆಂಗಸು ಒಂದೇ ಹೊಡೆತಕ್ಕೆ ಚೆಂಡು ಗುಂಡಿಗೆ ಹಾಕಿದ ದಿನ ಎನ್ನುತ್ತೇನೆ. ಕೆಲವರಿಗೆ ನನ್ನ ತಲೆ ಕೆಟ್ಟಿದೆ ಅನ್ನಿಸಿದೆ. ಅನ್ನಿಸಲಿ, ತಿಂದಿದ್ದಾರಲ್ಲ.

ಮಾಮಿ ಹೋದಂದಿನಿಂದ ಆ ಚೆಂಡು ನನ್ನ ಸ್ಕೂಟರಿನ ಡಿಕ್ಕಿಯಲ್ಲೇ ಇರುತ್ತದೆ. ಹೋದ ವಾರ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತವಳು ಹೊರಗೆ ಹೋಗಿ ಅದನ್ನು ತಂದೆ. ಭಾಯ್ ತಟ್ಟಿ ಮುಗಿಸಿದ್ದ ಎಣ್ಣೆಮರಳು ಕಪ್ಪಗೆ, ನುಣ್ಣಗೆ ಹಾಸಿಕೊಂಡಿತ್ತು. ಬಗ್ಗಿ, ಚೆಂಡನ್ನು ಕೈಯಿಂದಲೇ ಮೆಲ್ಲಗೆ ಉರುಳಿಸಿದೆ. ಅದು ಮರಳಿನ ಮೇಲೆ ಒಂದೇ ಒಂದು ಗೆರೆ ಎಳೆಯುತ್ತ ಹೋಗಿ, ಲೇತಿನ ಬುಡಕ್ಕೆ ತಾಗಿ ನಿಂತಿತು. ನನ್ನ ಕಣ್ಣಲ್ಲಿ ನೀರಿತ್ತು, ಅಡಗಿಸಿಕೊಳ್ಳಲು ಹೋಗಲಿಲ್ಲ.

ಭಾಯ್ ಚೆಂಡು ಎತ್ತಿ, ಬಟ್ಟೆಯಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು. ಮೂಲೆಯಲ್ಲಿದ್ದ ಪೊರಕೆ ಎಳೆದುಕೊಂಡು ಆ ಗೆರೆಯ ಕಡೆ ಬಗ್ಗಿದರು.

"ಬೇಡ ಭಾಯ್, ಇರ್ಲಿ" ಎಂದೆ. "ಒಂದ್ಸಲ ಅಳ್ಸಿದ್ದು ಸಾಕು."